ಜೀವರಸಾಯನಶಾಸ್ತ್ರದ ವಿದುಷಿ ಶ್ರೀಮತಿ ಕಮಲಾಬಾಯಿ ಸೊಹೋನಿ

ನಮ್ಮ ಜಕ್ಕಲಿಯ ಎರೆನೆಲದಲ್ಲಿ ಹುಟ್ಟಿ ಬೆಳೆದ ಬಾಲಿಕೆಗೆ ಕಡಲೆ, ಹೆಸರು, ತೊಗರಿ, ಮಡಕಿ, ಅಲಸಂದಿಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಕಾಳನ್ನು ಬಿತ್ತುವುದನ್ನೂ, ಒಕ್ಕುವುದನ್ನೂ, ಹಸನು ಮಾಡುವುದನ್ನೂ, ನೆನೆಯಿಟ್ಟು ಮೊಳಕೆ ಬರಿಸುವುದನ್ನೂ ಅವಳು ತಾಯಿಯ ಮಗ್ಗುಲಲ್ಲಿ ನಿಂತು ಕಲಿತಿರುವಳು. ಆದರೆ ಆ ಕಾಳಿನೊಳಗೆ ಏನಿರುವುದು, ಅದು ಹೊಟ್ಟೆಯನ್ನು ಸೇರಿದ ಮೇಲೆ ಯಾವ ರೀತಿಯಿಂದ ನಮ್ಮ ರಕ್ತಮಾಂಸಗಳಾಗಿ ಮಾರ್ಪಡುವುದು, ಹಸಿಯ ಕಾಳಿಗಿಂತ ಬೇಯಿಸಿದ ಕಾಳು ಏಕೆ ಹೆಚ್ಚು ಹಿತಕರವಾಗುವುದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ವಿರಳ. ಇಂತಹ ಪ್ರಶ್ನೆಗಳ ಬೆನ್ನುಹತ್ತಿ ತಮ್ಮ ಆಯುಷ್ಯವನ್ನು ಸವೆಯಿಸಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಈ ಸ್ಮರಣಸಂಚಿಕೆಯ ಮೂಲಕ ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ಬಯಸಿದ್ದೇವೆ. ಆಕೆಯೇ ಶ್ರೀಮತಿ ಕಮಲಾಬಾಯಿ ಸೊಹೋನಿಯವರು.

ಚರಿತ್ರೆಯನ್ನು ಹೇಳುವ ಮುನ್ನ ಆಕೆಯು ವ್ಯಾಸಂಗ ಮಾಡಿದ ಶಾಸ್ತ್ರವು ಎಂತಹದೆಂಬುದನ್ನು ನಾಲ್ಕು ಮಾತುಗಳಲ್ಲಿ ತಿಳಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಗಿಡವಾಗಲಿ ಪ್ರಾಣಿಯಾಗಲಿ, ಜೀವವುಳ್ಳ ಪ್ರತಿಯೊಂದು ದೇಹವೂ ಜೀವಕೋಶಗಳೆಂಬ ಅತಿ ಸಣ್ಣ ಕೋಣೆಗಳಿಂದ ಕಟ್ಟಲ್ಪಟ್ಟಿದೆ. ಈ ಕೋಶಗಳಲ್ಲಿ ಬಹುಭಾಗವು ನೀರು. ಉಳಿದುದರಲ್ಲಿ ಪ್ರೋಟೀನು, ಕೊಬ್ಬು, ಶರ್ಕರ, ಲವಣ ಮುಂತಾದವು ಇರುತ್ತವೆ. ತಾಯಿತಂದೆಗಳ ಗುಣಗಳನ್ನು ಮಕ್ಕಳಿಗೆ ದಾಟಿಸುವ ನ್ಯೂಕ್ಲಿಯಿಕ್ ಆಮ್ಲಗಳೂ ಇರುತ್ತವೆ. ಇವೆಲ್ಲವೂ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಮೊದಲಾದ ಮೂಲವಸ್ತುಗಳಿಂದಲೇ ಆದವು. ಕಲ್ಲುಮಣ್ಣುಗಳಲ್ಲಿಯೂ ಗಾಳಿನೀರುಗಳಲ್ಲಿಯೂ ಇರುವ ಮೂಲವಸ್ತುಗಳೇ ಹೊರತು ಬೇರೆಯವಲ್ಲ. ಹಾಗಿದ್ದೂ ಕಲ್ಲು ಬೆಳೆಯುವುದಿಲ್ಲ, ಕಡಲೆಯ ಗಿಡವು ಬೆಳೆಯುತ್ತದೆ. ಜೀವಿಗಳ ದೇಹದಲ್ಲಿ ಈ ವಸ್ತುಗಳು ಹೇಗೆ ಕೂಡಿಕೊಳ್ಳುತ್ತವೆ, ಹೇಗೆ ಒಡೆಯುತ್ತವೆ, ಆಗ ಶಕ್ತಿಯು ಹೇಗೆ ಹೊರಬೀಳುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಜೀವರಸಾಯನಶಾಸ್ತ್ರವೆಂದು ಹೆಸರು.

ಕಮಲಾಬಾಯಿಯವರು 1911ನೆಯ ಇಸವಿಯ ಜೂನ್ 18ರಂದು ಮಧ್ಯಹಿಂದುಸ್ಥಾನದ ಇಂದೂರಿನಲ್ಲಿ ಜನಿಸಿದರು. ತವರುಮನೆಯ ಹೆಸರು ಭಾಗವತ. ತಂದೆಯವರಾದ ನಾರಾಯಣರಾಯರೂ ಚಿಕ್ಕಪ್ಪನವರಾದ ಮಾಧವರಾಯರೂ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಲಿತು ಬಂದವರು. ಆ ಮಂದಿರವು ಜಮಶೇಟಜಿ ಟಾಟಾರವರ ಔದಾರ್ಯದಿಂದಲೂ ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯಿಂದಲೂ 1909ರಲ್ಲಿ ಸ್ಥಾಪನೆಯಾದುದು; ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಮನೆಯಲ್ಲಿ ಹಿರಿಯರು ಆಡುವ ಮಾತುಗಳು ಮಕ್ಕಳ ಮನಸ್ಸಿನಲ್ಲಿ ಬೀಜದಂತೆ ಬಿದ್ದು ಬೇರೂರುವುದು ಸಹಜವಷ್ಟೆ. ತಂದೆಯೂ ಚಿಕ್ಕಪ್ಪನೂ ನಡೆದ ದಾರಿಯನ್ನೇ ತಾನೂ ಹಿಡಿಯಬೇಕೆಂಬ ಆಸೆಯು ಈ ಬಾಲಿಕೆಯಲ್ಲಿ ಮೊಳೆಯಿತು. ಆಕೆಯ ಅಕ್ಕನವರಾದ ದುರ್ಗಾ ಭಾಗವತರು ಮುಂದೆ ಮರಾಠಿಯಲ್ಲಿ ಹೆಸರಾಂತ ಲೇಖಕಿಯೂ ಜಾನಪದ ವಿದ್ವಾಂಸರೂ ಆದರು. ಹೆಣ್ಣುಮಕ್ಕಳ ವಿದ್ಯೆಗೆ ಅಡ್ಡಿಮಾಡದ ಒಂದೇ ಮನೆಯಿಂದ ಇಂತಹ ಇಬ್ಬರು ಹೊರಟುದನ್ನು ಪಾಲಕರು ಗಮನಿಸತಕ್ಕದ್ದಾಗಿದೆ.

1933ರಲ್ಲಿ ಆಕೆಯು ರಸಾಯನಶಾಸ್ತ್ರವನ್ನು ಮುಖ್ಯ ವಿಷಯವನ್ನಾಗಿಯೂ ಭೌತಶಾಸ್ತ್ರವನ್ನು ಉಪವಿಷಯವನ್ನಾಗಿಯೂ ತೆಗೆದುಕೊಂಡು ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉಚ್ಚ ಶ್ರೇಣಿಯಿಂದ ಉತ್ತೀರ್ಣರಾದರು. ಅಂದು ನಮ್ಮ ರೋಣ ತಾಲೂಕೂ ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳೂ ಅದೇ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದರು. ಅಂದರೆ ಕಮಲಾಬಾಯಿಯವರ ಪದವಿಯೂ ನಮ್ಮ ಸೀಮೆಯ ಆ ಕಾಲದ ಪದವೀಧರರ ಪದವಿಯೂ ಒಂದೇ ವಿಶ್ವವಿದ್ಯಾಲಯದವು.

ಪದವಿಯಾದ ಮೇಲೆ ಆಕೆಯು ಸಂಶೋಧನೆಗಾಗಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅರ್ಜಿಯನ್ನು ಕಳುಹಿಸಿದರು. ಬೌದ್ಧಿಕ ಯೋಗ್ಯತೆಗೆ ಕೊರತೆಯಿರಲಿಲ್ಲ, ಅಂಕಗಳಿಗೆ ಕೊರತೆಯಿರಲಿಲ್ಲ. ಆದರೂ ಅರ್ಜಿಯು ತಿರಸ್ಕೃತವಾಯಿತು. ಆಗ ಮಂದಿರದ ನಿರ್ದೇಶಕರಾಗಿದ್ದವರು ಸರ್ ಚಂದ್ರಶೇಖರ ವೆಂಕಟರಾಮನ್ನರು. ಬೆಳಕಿನ ವಿಷಯದ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ದೇಶಕ್ಕೆ ಕೀರ್ತಿಯನ್ನು ತಂದವರು. ಅರ್ಜಿ ಕಳುಹಿಸಿದವಳು ಹೆಂಗಸೆಂಬ ಒಂದೇ ಕಾರಣದಿಂದ ಅವರು ಪ್ರವೇಶವನ್ನು ಕೊಡಲೊಪ್ಪಲಿಲ್ಲವೆಂದು ಕಮಲಾಬಾಯಿಯವರೇ ಮುಂದೆ ತಮ್ಮ ಇಳಿವಯಸ್ಸಿನಲ್ಲಿ ವಿವರಿಸಿದರು.

ಇಂತಹ ಪ್ರಸಂಗದಲ್ಲಿ ಅಂದಿನ ತರುಣಿಯರು ಏನು ಮಾಡುತ್ತಿದ್ದರೆಂಬುದನ್ನು ಊಹಿಸಬಹುದು. ಕಣ್ಣೀರಿಟ್ಟು ಸುಮ್ಮನಾಗುವವರು ಹಲವರು. ದೈವವನ್ನು ಹಳಿದು ಬೇರೆ ದಾರಿ ಹಿಡಿಯುವವರು ಕೆಲವರು. ಕಮಲಾಬಾಯಿಯವರು ಎರಡನ್ನೂ ಮಾಡಲಿಲ್ಲ. ನೆಟ್ಟಗೆ ಬೆಂಗಳೂರಿಗೆ ಹೋದರು; ನಿರ್ದೇಶಕರ ಎದುರಿಗೆ ನಿಂತರು; ಯಾವ ನಿಯಮದಂತೆ ತಮ್ಮನ್ನು ಬೇಡವೆನ್ನಲಾಯಿತೆಂದು ವಿನಯದಿಂದಲೂ ದೃಢತೆಯಿಂದಲೂ ಕೇಳಿದರು. ಒಪ್ಪತಕ್ಕ ಕಾರಣವು ದೊರೆಯುವವರೆಗೆ ಹಿಂದಿರುಗುವುದಿಲ್ಲವೆಂಬ ಹಟವನ್ನು ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಜಗತ್ಪ್ರಸಿದ್ಧ ವಿಜ್ಞಾನಿಯೆದುರು ಹೀಗೆ ನಿಲ್ಲುವುದು ಸಾಮಾನ್ಯ ಧೈರ್ಯದ ಮಾತಲ್ಲ.

ಕೊನೆಗೆ ಪ್ರವೇಶವು ದೊರೆಯಿತು; ಆದರೆ ಮೂರು ಷರತ್ತುಗಳೊಡನೆ ದೊರೆಯಿತು. ಮೊದಲನೆಯದಾಗಿ, ಒಂದು ವರ್ಷದ ಕಾಲ ಆಕೆಯನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸಲಾಗದು; ಕೆಲಸವು ತೃಪ್ತಿಕರವೆಂದು ಕಂಡರೆ ಮಾತ್ರ ಮುಂದಿನ ಮಾತು. ಎರಡನೆಯದಾಗಿ, ಮಾರ್ಗದರ್ಶಕರು ಹೇಳಿದ ಹೊತ್ತಿಗೆ, ರಾತ್ರಿಯಾದರೂ ಸರಿಯೆ, ಕೆಲಸ ಮಾಡತಕ್ಕದ್ದು. ಮೂರನೆಯದಾಗಿ, ಆಕೆಯ ಇರುವಿಕೆಯಿಂದ ಪ್ರಯೋಗಶಾಲೆಯ ವಾತಾವರಣವು ಕೆಡಬಾರದು. ಮೊದಲಿನ ಎರಡು ಷರತ್ತುಗಳು ಕಠಿನವಾದವು, ಮೂರನೆಯದು ಅವಮಾನಕರವಾದುದು. ಗಂಡಸರ ಚಿತ್ತವು ಚಂಚಲವಾದರೆ ಅದರ ಹೊಣೆಯನ್ನು ಹೆಂಗಸು ಹೊರಬೇಕೆಂಬುದು ಯಾವ ನ್ಯಾಯ? ಕಮಲಾಬಾಯಿಯವರು ಆ ನೋವನ್ನು ಜೀವಮಾನವೆಲ್ಲ ಮರೆಯಲಿಲ್ಲ. ರಾಮನ್ನರು ದೊಡ್ಡ ವಿಜ್ಞಾನಿಗಳಾಗಿದ್ದರೂ ಈ ವಿಷಯದಲ್ಲಿ ಅವರ ಮನಸ್ಸು ಸಂಕುಚಿತವಾಗಿದ್ದಿತೆಂದು ಆಕೆಯು ಮರೆಮಾಚದೆ ಹೇಳಿದರು. ದೊಡ್ಡವರ ದೊಡ್ಡತನವನ್ನು ಗೌರವಿಸುವುದೂ, ಅವರು ತಪ್ಪಿದಲ್ಲಿ ತಪ್ಪೆನ್ನುವುದೂ, ಇವೆರಡೂ ಒಂದೇ ಬಾಯಿಂದ ಸಾಧ್ಯವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಇಲ್ಲಿಂದ ಕಲಿಯಬಹುದು.

ಬೆಂಗಳೂರಿನಲ್ಲಿ ಜೀವರಸಾಯನ ವಿಭಾಗವು 1921ರಿಂದಲೇ ನಡೆಯುತ್ತಿತ್ತು. ಅಲ್ಲಿ ಶ್ರೀ ಎಂ. ಶ್ರೀನಿವಾಸಯ್ಯನವರೆಂಬ ಗುರುಗಳು ಆಕೆಗೆ ದೊರೆತುದು ಭಾಗ್ಯವೇ ಸರಿ. ಅವರು ಕಟ್ಟುನಿಟ್ಟಿನವರು, ಅಷ್ಟೇ ಪ್ರೋತ್ಸಾಹ ಕೊಡುವವರು. ಪಠ್ಯಪುಸ್ತಕಗಳಿಂದಷ್ಟೇ ತೃಪ್ತಿಪಡದೆ ಹೊರದೇಶಗಳ ವಿದ್ವಾಂಸರು ಪ್ರಕಟಿಸಿದ ಪ್ರಬಂಧಗಳನ್ನು ಓದುವ ಅಭ್ಯಾಸವನ್ನು ಅವರು ಶಿಷ್ಯೆಗೆ ಹಚ್ಚಿದರು. ಆಕೆಯು ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ ಪರೀಕ್ಷಿಸುವ ಕಾರ್ಯವನ್ನು ಕೈಕೊಂಡರು.

ಪ್ರೋಟೀನು ಎಂದರೇನು? ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳನ್ನು ಮಣಿಗಳಂತೆ ಪೋಣಿಸಿ ಮಾಡಿದ ಉದ್ದವಾದ ಸರವೇ ಪ್ರೋಟೀನು. ಮಣಿಗಳ ಜಾತಿಗಳು ಇಪ್ಪತ್ತು ಮಾತ್ರ. ನಮ್ಮ ಕನ್ನಡದ ಸುಮಾರು ಐವತ್ತು ಅಕ್ಷರಗಳಿಂದ ಲಕ್ಷಾವಧಿ ಶಬ್ದಗಳಾಗುವಂತೆ ಈ ಇಪ್ಪತ್ತು ಘಟಕಗಳ ಹಿಂದುಮುಂದಿನ ಜೋಡಣೆಯಿಂದ ಅಸಂಖ್ಯ ಪ್ರೋಟೀನುಗಳಾಗುತ್ತವೆ. ಕೂದಲಿನ ಪ್ರೋಟೀನು ಬೇರೆ, ಹಾಲಿನದು ಬೇರೆ, ರಕ್ತದ್ದು ಬೇರೆ. ಇಪ್ಪತ್ತರಲ್ಲಿ ಒಂಬತ್ತನ್ನು ಮನುಷ್ಯನ ದೇಹವು ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಜೋಳದಲ್ಲಿ ಲೈಸೀನು ಎಂಬ ಅಮೈನೋ ಆಮ್ಲವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಯಥೇಚ್ಛ. ಕಾಳುಗಳಲ್ಲಿ ಮೆಥಿಯೋನೀನು ಕಡಿಮೆ. ಜೋಳವು ಆ ಕೊರತೆಯನ್ನು ತುಂಬಿಕೊಡುತ್ತದೆ. ಆದುದರಿಂದ ನಮ್ಮ ಹಳ್ಳಿಯ ಮನೆಗಳಲ್ಲಿ ಜೋಳದ ರೊಟ್ಟಿಗೆ ಹೆಸರುಕಾಳಿನ ಇಲ್ಲವೆ ಮಡಕಿಕಾಳಿನ ಪಲ್ಯವನ್ನು ಜೊತೆಮಾಡಿ ಉಣ್ಣುವ ರೂಢಿಯು ರುಚಿಗಾಗಿ ಹುಟ್ಟಿದ್ದರೂ ಶಾಸ್ತ್ರಕ್ಕೂ ಸಮ್ಮತವಾದುದು. ಬೇಳೆಕಾಳುಗಳ ತೂಕದಲ್ಲಿ ಸುಮಾರು ನೂರಕ್ಕೆ 20ರಿಂದ 25 ಪಾಲು ಪ್ರೋಟೀನು ಇರುವುದು. ಮಾಂಸವೂ ಮೊಟ್ಟೆಯೂ ಇಲ್ಲದ, ಹಾಲೂ ಸಾಲದ ಬಡಮನೆಗೆ ಕಾಳೇ ಆಧಾರ. ಹೀಗಾಗಿ ತರುಣಿಯಾದ ಸಂಶೋಧಕಿಯು ಆರಿಸಿಕೊಂಡ ವಿಷಯವು ಕೋಟ್ಯವಧಿ ಬಡವರ ತಾಟಿಗೆ ಸಂಬಂಧಪಟ್ಟುದಾಗಿದ್ದಿತು.

ವರ್ಷವು ಮುಗಿಯಿತು. ಆಕೆಯ ಶ್ರಮವನ್ನೂ ಶಿಸ್ತನ್ನೂ ನೋಡಿ ನಿರ್ದೇಶಕರು ತೃಪ್ತರಾದರು. ಕ್ರಮಬದ್ಧ ಸಂಶೋಧನೆಗೆ ಅನುಮತಿಯು ದೊರೆಯಿತು. ಮುಂದೆ ಆ ಮಂದಿರದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. 1940ರಲ್ಲಿ ಅನ್ನಾ ಮಣಿಯವರು ಸಾಕ್ಷಾತ್ ರಾಮನ್ನರ ಪ್ರಯೋಗಶಾಲೆಯನ್ನೇ ಸೇರಿದರು. ಅನಂತರ ನಮ್ಮ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಅಲ್ಲಿ ವ್ಯಾಸಂಗ ಮಾಡಿ ಅಲ್ಲಿಯೇ ಪ್ರಾಧ್ಯಾಪಕರಾದರು. ಒಬ್ಬಳು ಸಹಿಸಿದ ವರ್ಷದ ಪರೀಕ್ಷೆಯ ಫಲವನ್ನು ಹಿಂದಿನಿಂದ ಬಂದ ಎಷ್ಟೋ ಜನರು ಉಂಡರು. 1936ರಲ್ಲಿ ಕಮಲಾಬಾಯಿಯವರಿಗೆ ಮುಂಬಯಿ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಪದವಿಯು ಪ್ರಾಪ್ತವಾಯಿತು.

ಮರುವರ್ಷ, ಅಂದರೆ 1937ರಲ್ಲಿ, ವಿದ್ಯಾರ್ಥಿವೇತನದ ಸಹಾಯದಿಂದ ಆಕೆಯು ಸಮುದ್ರವನ್ನು ದಾಟಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ನ್ಯೂನ್‌ಹ್ಯಾಮ್ ಎಂಬ ಮಹಿಳಾ ಕಾಲೇಜನ್ನು ಸೇರಿದರು. ಅಲ್ಲಿಯ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸರು. ಅನ್ನದಲ್ಲಿ ಪ್ರೋಟೀನು, ಕೊಬ್ಬು, ಪಿಷ್ಟಗಳಷ್ಟೇ ಇದ್ದರೆ ಸಾಲದು, ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಬೇರೆ ಕೆಲವು ವಸ್ತುಗಳಿಲ್ಲದೆ ದೇಹವು ಬೆಳೆಯದೆಂದು ತೋರಿಸಿ, ಜೀವಸತ್ವಗಳ ವಿಚಾರಕ್ಕೆ ಅಸ್ತಿಭಾರವನ್ನು ಹಾಕಿ 1929ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹನೀಯರು ಅವರು. ಅವರ ಪ್ರಯೋಗಶಾಲೆಯಲ್ಲಿ ಕಮಲಾಬಾಯಿಯವರು ಮೊದಲು ಡೆರಿಕ್ ರಿಕ್ಟರ್ ಎಂಬ ವಿಜ್ಞಾನಿಗಳ ಬಳಿ ಕೆಲಸಮಾಡಿದರು. ಅವರು ಬೇರೆಡೆಗೆ ಹೋದ ಮೇಲೆ ಸಸ್ಯಗಳ ಜೀವರಸಾಯನದಲ್ಲಿ ಪ್ರಖ್ಯಾತರಾದ ರಾಬಿನ್ ಹಿಲ್ಲರ ಬಳಿ ಸಂಶೋಧನೆಯನ್ನು ಮುಂದುವರಿಸಿದರು.

ಬೆಂಗಳೂರಿನಲ್ಲಿ ಕಾಳನ್ನು ಕೈಗೆತ್ತಿಕೊಂಡವರು ಕೇಂಬ್ರಿಜಿನಲ್ಲಿ ಬಟಾಟೆಯನ್ನು ಕೈಗೆತ್ತಿಕೊಂಡರು. ಇಲ್ಲಿ ಆಕೆಯು ತೋರಿಸಿಕೊಟ್ಟ ಸಂಗತಿಯನ್ನು ಅರಿಯಬೇಕಾದರೆ ಉಸಿರಾಟದ ಮರ್ಮವನ್ನು ಸ್ವಲ್ಪ ತಿಳಿಯಬೇಕು. ಒಲೆಯಲ್ಲಿ ಕಟ್ಟಿಗೆಯು ಉರಿಯುವಾಗ ಅದರೊಳಗಿನ ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿ, ಶಾಖವನ್ನು ಹೊರಗೆಡವಿ, ಇಂಗಾಲಾಮ್ಲ ವಾಯುವಾಗುತ್ತದೆ. ನಾವು ಉಂಡ ಅನ್ನವೂ ಶರ್ಕರವಾಗಿ ಕೊನೆಗೆ ಇದೇ ರೀತಿ ಆಮ್ಲಜನಕವನ್ನು ಕೂಡುತ್ತದೆ. ಶರ್ಕರದ ಒಂದು ಅಣುವಿಗೆ ಆಮ್ಲಜನಕದ ಆರು ಅಣುಗಳು ಸೇರಿ ಇಂಗಾಲಾಮ್ಲದ ಆರು ಅಣುಗಳೂ ನೀರಿನ ಆರು ಅಣುಗಳೂ ಆಗುತ್ತವೆ. ಆದರೆ ದೇಹದಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ. ಏಕೆಂದರೆ ಇಲ್ಲಿ ಶಕ್ತಿಯು ಒಮ್ಮೆಲೇ ಭುಗಿಲೆಂದು ಹೊರಬೀಳದೆ ಮೆಟ್ಟಿಲುಮೆಟ್ಟಿಲಾಗಿ ಇಳಿದುಬರುತ್ತದೆ. ಅನ್ನದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳೆಂಬ ಅತಿಸೂಕ್ಷ್ಮ ವಿದ್ಯುತ್ಕಣಗಳನ್ನು ಕೆಲವು ಪ್ರೋಟೀನುಗಳು ಒಂದರಿಂದ ಇನ್ನೊಂದು ತೆಗೆದುಕೊಂಡು ಆಮ್ಲಜನಕದವರೆಗೆ ಮುಟ್ಟಿಸುತ್ತವೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತ ಹೆಂಗಸರು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ ಎನ್ನಬಹುದು. ಈ ಸಾಲಿನಲ್ಲಿ ನಿಂತವುಗಳಲ್ಲಿ ಸೈಟೋಕ್ರೋಮುಗಳು ಮುಖ್ಯವಾದವು. ಅವುಗಳ ಒಡಲಿನಲ್ಲಿ ಕಬ್ಬಿಣದ ಪರಮಾಣುವಿದ್ದು ಅದೇ ಎಲೆಕ್ಟ್ರಾನನ್ನು ಹಿಡಿಯುವುದೂ ಬಿಡುವುದೂ ಮಾಡುತ್ತದೆ. ಕಬ್ಬಿಣಾಂಶದ ಆಹಾರವು ನಮ್ಮ ಬಾಲಿಕೆಯರಿಗೆ ಅವಶ್ಯವೆಂದು ವೈದ್ಯರು ಹೇಳುವುದು ರಕ್ತಕ್ಕಾಗಿ ಮಾತ್ರವಲ್ಲ, ಈ ಕೆಲಸಕ್ಕಾಗಿಯೂ ಹೌದು.

ಸೈಟೋಕ್ರೋಮಿಗೆ ಆ ಹೆಸರನ್ನು ಕೊಟ್ಟವರು ಕೇಂಬ್ರಿಜಿನವರೇ ಆದ ಡೇವಿಡ್ ಕೈಲಿನ್ನರು. ಅದು 1925ರ ಮಾತು. ಪ್ರಾಣಿಗಳಲ್ಲಿಯೂ ಹುದುಗಿನ ಕೋಶಗಳಲ್ಲಿಯೂ ಕಾಣುವ ಸೈಟೋಕ್ರೋಮ್-ಸಿ ಎಂಬುದು ಸಸ್ಯಗಳ ಕೋಶಗಳಲ್ಲಿಯೂ ಇದ್ದು ಅಲ್ಲಿಯೂ ಉಸಿರಾಟದ ಕಾರ್ಯವನ್ನು ನಡೆಯಿಸುವುದೆಂದು ಕಮಲಾಬಾಯಿಯವರು ಬಟಾಟೆಯ ಮೇಲಿನ ಪ್ರಯೋಗಗಳಿಂದ ಸಿದ್ಧಪಡಿಸಿದರು. ಇದರ ಅರ್ಥವು ಎಷ್ಟು ದೊಡ್ಡದು! ಹೊಲದಲ್ಲಿ ಅಲುಗಾಡದೆ ನಿಂತ ಗಿಡವೂ, ಅದನ್ನು ಮೇಯುವ ಎತ್ತೂ, ಎತ್ತನ್ನು ಹೊಡೆಯುವ ಒಕ್ಕಲಿಗನೂ ಕೋಶದೊಳಗೆ ಒಂದೇ ಬಗೆಯ ಉಪಕರಣದಿಂದ ಉಸಿರಾಡುತ್ತಿರುವರು. ಮುಂದೆ ವಿಜ್ಞಾನಿಗಳು ಮನುಷ್ಯನ ಸೈಟೋಕ್ರೋಮ್-ಸಿಯಲ್ಲಿ 104 ಅಮೈನೋ ಆಮ್ಲಗಳಿರುವುದನ್ನು ಎಣಿಸಿದರು. ಬೇರೆ ಬೇರೆ ಜೀವಿಗಳಲ್ಲಿ ಅವುಗಳ ಜೋಡಣೆಯು ಎಷ್ಟೆಷ್ಟು ಬದಲಾಗಿದೆಯೆಂಬುದನ್ನು ನೋಡಿ ಜೀವಿಗಳ ಬಾಂಧವ್ಯವನ್ನು ಅಳೆಯಲು ಕಲಿತರು.

ಆಕೆಯ ಪ್ರಬಂಧವು ಸುಮಾರು ನಲವತ್ತು ಪುಟಗಳಷ್ಟು ಮಾತ್ರವಿದ್ದಿತು. ಪುಟಗಳ ಸಂಖ್ಯೆಯಿಂದ ವಿದ್ವತ್ತನ್ನು ಅಳೆಯುವವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿ. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಆಕೆಗೆ ಪಿಎಚ್.ಡಿ. ಪದವಿಯನ್ನು ನೀಡಿತು. ವಿಜ್ಞಾನದಲ್ಲಿ ಆ ಪದವಿಯನ್ನು ಪಡೆದ ಭಾರತೀಯ ಮಹಿಳೆಯರಲ್ಲಿ ಆಕೆಯನ್ನು ಮೊದಲಿಗರೆಂದು ಎಣಿಸುವ ರೂಢಿಯಿದೆ. ಆಕೆಗಿಂತ ಮುಂಚೆ, 1931ರಲ್ಲಿ, ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳರು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನು ಪಡೆದಿದ್ದರೆಂಬುದನ್ನೂ ಇಲ್ಲಿಯೇ ಸ್ಮರಿಸುವುದು ನ್ಯಾಯ.

ಹೊರದೇಶದಲ್ಲಿ ನಿಂತಿದ್ದರೆ ಕೀರ್ತಿಯೂ ಅನುಕೂಲತೆಯೂ ಹೆಚ್ಚಾಗಿ ದೊರೆಯುತ್ತಿದ್ದವು. ಆದರೆ ಮಹಾತ್ಮಾ ಗಾಂಧಿಯವರಲ್ಲಿ ಭಕ್ತಿಯುಳ್ಳ ಆಕೆಯು ಸ್ವದೇಶಕ್ಕೆ ತನ್ನ ವಿದ್ಯೆಯು ಸಲ್ಲಬೇಕೆಂದು ಬಗೆದು 1939ರಲ್ಲಿಯೇ ಹಿಂದಿರುಗಿದರು. ದಿಲ್ಲಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇರುವ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗಕ್ಕೆ ಮುಖ್ಯಸ್ಥರಾದರು. ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ವಗಳ ಪರಿಣಾಮವನ್ನು ಕುರಿತು ಕೆಲಸಮಾಡಿದರು. ಆ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಪ್ರಸಿದ್ಧವಾಗಿದೆ.

1947ರಲ್ಲಿ ಶ್ರೀ ಎಂ. ವಿ. ಸೊಹೋನಿಯವರೊಡನೆ ಆಕೆಯ ವಿವಾಹವು ನೆರವೇರಿತು. ಸಂಸಾರವು ಮುಂಬಯಿಯಲ್ಲಿ ನೆಲೆಸಿತು. ವಿವಾಹವು ವಿದ್ಯೆಯ ಕೊನೆಯಾಗಲಿಲ್ಲವೆಂಬುದು ಗಮನಾರ್ಹ. ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿ ಆಕೆಯು ಆ ವಿಭಾಗವನ್ನು ಕಟ್ಟಿ ಬೆಳೆಯಿಸಿದರು, ಮಕ್ಕಳನ್ನೂ ಸಲಹಿದರು, ಶಿಷ್ಯರನ್ನೂ ತಯಾರಿಸಿದರು. ಬಡವರು ದಿನನಿತ್ಯ ಉಣ್ಣುವ ಪದಾರ್ಥಗಳೇ ತಮ್ಮ ಪ್ರಯೋಗಶಾಲೆಯ ವಸ್ತುಗಳೆಂದು ಆಕೆಯು ಗೊತ್ತುಪಡಿಸಿಕೊಂಡಿದ್ದರು.

ಈ ಕಾಲದಲ್ಲಿ ನಡೆದ ಒಂದು ಸಂಶೋಧನೆಯು ನಮ್ಮ ಅಡಿಗೆಮನೆಗೆ ಬಹು ಸಮೀಪವಾದುದು. ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಪ್ರತಿಯೊಂದು ಕಿಣ್ವಕ್ಕೂ ತನ್ನದೇ ಆದ ಒಂದು ಕೆಲಸವುಂಟು. ಕೆಲಸವು ಮುಗಿದ ಮೇಲೂ ಅದು ತಾನು ಸವೆಯದೆ ಮತ್ತೆ ಅದೇ ಕೆಲಸಕ್ಕೆ ಸಿದ್ಧವಾಗಿರುವುದು. ನಾವು ಉಂಡ ಪ್ರೋಟೀನಿನ ಸರವನ್ನು ಸಣ್ಣಕರುಳಿನಲ್ಲಿ ಕತ್ತರಿಸುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಎಂಬುದೊಂದು. ಅದು ಮೇದೋಜೀರಕ ಗ್ರಂಥಿಯಿಂದ ಬರುವುದು. ಕಮಲಾಬಾಯಿಯವರೂ ಅವರ ಶಿಷ್ಯರೂ ನಮ್ಮ ದೇಶದ ಆಹಾರವಸ್ತುಗಳಲ್ಲಿ ಈ ಟ್ರಿಪ್ಸಿನ್ನಿನ ಕೆಲಸವನ್ನು ತಡೆಯುವ ಪದಾರ್ಥಗಳನ್ನು ಹುಡುಕಿದರು. ಅವರೆಕಾಳು ಮತ್ತು ಡಬಲ್ ಬೀನ್ಸುಗಳಿಂದ ಇಂತಹ ಪ್ರತಿಬಂಧಕಗಳನ್ನು ಸ್ಫಟಿಕರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಎಂಬ ಜಗದ್ವಿಖ್ಯಾತ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬೀಗದಲ್ಲಿ ಬೇರೆ ಕೀಲಿಯು ಸಿಕ್ಕಿಕೊಂಡರೆ ಸರಿಯಾದ ಕೀಲಿಯು ಹೇಗೆ ಒಳಹೊಗಲಾರದೋ ಹಾಗೆ ಪ್ರತಿಬಂಧಕವು ಟ್ರಿಪ್ಸಿನ್ನಿನ ಕೆಲಸದ ಸ್ಥಾನದಲ್ಲಿ ಕುಳಿತುಬಿಡುವುದು. ಆಗ ಪ್ರೋಟೀನು ಹೊಟ್ಟೆಯಲ್ಲಿದ್ದರೂ ಮೈಗೆ ಹತ್ತುವುದಿಲ್ಲ. ಗಿಡವು ತನ್ನ ಬೀಜವನ್ನು ಹುಳುಹುಪ್ಪಟೆಗಳಿಂದ ಕಾಪಾಡಿಕೊಳ್ಳಲು ಹೂಡಿದ ಉಪಾಯಗಳಲ್ಲಿ ಇದೂ ಒಂದು. ಆದರೆ ಪ್ರತಿಬಂಧಕವೂ ಸ್ವತಃ ಒಂದು ಪ್ರೋಟೀನೇ. ನೀರಿನಲ್ಲಿ ನೆನೆದು ಬಿಸಿಯಲ್ಲಿ ಚೆನ್ನಾಗಿ ಬೆಂದಾಗ ಅದರ ಆಕಾರವು ಕೆಟ್ಟು ಶಕ್ತಿಯು ಬಹುಮಟ್ಟಿಗೆ ಅಳಿಯುವುದು. ಕಾಳನ್ನು ರಾತ್ರಿ ನೆನೆಯಿಟ್ಟು ಮರುದಿನ ಮೆತ್ತಗಾಗುವಂತೆ ಬೇಯಿಸಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತ ಬಂದುದಕ್ಕೆ ಕಾರಣವು ಇಲ್ಲಿದೆ. ಅವರಿಗೆ ಟ್ರಿಪ್ಸಿನ್ನಿನ ಹೆಸರು ಗೊತ್ತಿರಲಿಲ್ಲ, ಅನುಭವವಿದ್ದಿತು. ಅನುಭವಕ್ಕೆ ಕಾರಣವನ್ನು ಕೂಡಿಸಿದರೆ ಶಾಸ್ತ್ರವಾಗುವುದು.

ರಾಷ್ಟ್ರಪತಿಗಳಾಗಿದ್ದ ಡಾ. ರಾಜೇಂದ್ರಪ್ರಸಾದರ ಸೂಚನೆಯಂತೆ ಆಕೆಯು ನೀರೆಯ ವಿಷಯವಾಗಿಯೂ ಸಂಶೋಧನೆ ನಡೆಯಿಸಿದರು. ತಾಳೆಯ ಜಾತಿಯ ಮರಗಳಿಂದ ಇಳಿಸಿದ, ಇನ್ನೂ ಹುಳಿಯದ ಸಿಹಿರಸವೇ ನೀರಾ. ಅದನ್ನು ಹಾಗೆಯೇ ಬಿಟ್ಟರೆ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಹುದುಗಿನ ಜೀವಿಗಳು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಮಾಡುತ್ತವೆ, ಸಿಹಿರಸವು ಹೆಂಡವಾಗುವುದು. ಹುಳಿಯುವ ಮೊದಲೇ ಕುಡಿದರೆ ಅದು ಪೌಷ್ಟಿಕವಾದ ಪಾನೀಯವೆಂದೂ, ಅದರಲ್ಲಿ ಜೀವಸತ್ವಗಳೂ ಕಬ್ಬಿಣಾಂಶವೂ ಇರುವುವೆಂದೂ, ಬೆಲ್ಲವನ್ನಾಗಿ ಕಾಯಿಸಿದಾಗಲೂ ಆ ಗುಣವು ಪೂರ್ತಿಯಾಗಿ ಹೋಗದೆಂದೂ ಆಕೆಯ ಪ್ರಯೋಗಗಳು ತೋರಿಸಿದವು. ಪೋಷಣೆಯಿಲ್ಲದ ಬುಡಕಟ್ಟಿನ ಮಕ್ಕಳಿಗೂ ಗರ್ಭಿಣಿಯರಿಗೂ ನೀರಾ ಕೊಟ್ಟುದರಿಂದ ಆರೋಗ್ಯವು ಸುಧಾರಿಸಿತು. ಈ ಕಾರ್ಯಕ್ಕಾಗಿ ಆಕೆಗೆ ರಾಷ್ಟ್ರಪತಿಗಳ ಪ್ರಶಸ್ತಿಯು ದೊರೆಯಿತು. ಮುಂಬಯಿಯ ಆರೇ ಹಾಲಿನ ಕೇಂದ್ರಕ್ಕೂ ಆಕೆಯು ಹಾಲಿನ ಗುಣಮಟ್ಟದ ವಿಷಯದಲ್ಲಿ ಸಲಹೆಗಾರರಾಗಿದ್ದರು.

ಇಷ್ಟೆಲ್ಲ ಸಾಧಿಸಿದವರಿಗೆ ತಮ್ಮ ಸಂಸ್ಥೆಯ ನಿರ್ದೇಶಕ ಪದವಿಯು ಯೋಗ್ಯ ಕಾಲದಲ್ಲಿ ದೊರೆಯಲಿಲ್ಲ. ಕೆಲವು ವರ್ಷಗಳ ವಿಳಂಬದ ಮೇಲೆ ದೊರೆಯಿತು. ಯೌವನದಲ್ಲಿ ಬಾಗಿಲ ಹೊರಗೆ ನಿಲ್ಲಬೇಕಾಯಿತು. ಪ್ರೌಢವಯಸ್ಸಿನಲ್ಲಿ ಮೆಟ್ಟಿಲ ಮೇಲೆ ಕಾಯಬೇಕಾಯಿತು. ಆದರೂ ಆಕೆಯ ಪ್ರಯೋಗಶಾಲೆಯ ಕೆಲಸವು ನಿಲ್ಲಲಿಲ್ಲ. ವಿಶ್ರಾಂತಿಯ ಕಾಲದಲ್ಲಿಯೂ ಆಕೆಯು ಸುಮ್ಮನೆ ಕೂಡಲಿಲ್ಲ. ಮಾರುಕಟ್ಟೆಯ ಕಲಬೆರಕೆಯಿಂದಲೂ ತೂಕದ ಮೋಸದಿಂದಲೂ ಗಿರಾಕಿಗಳನ್ನು ಎಚ್ಚರಿಸುವುದಕ್ಕಾಗಿ ಮುಂಬಯಿಯ ಮಹಿಳೆಯರು 1966ರಲ್ಲಿ ಸ್ಥಾಪಿಸಿದ ಭಾರತ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಉತ್ಸಾಹದಿಂದ ದುಡಿದರು. 1982-83ರಲ್ಲಿ ಅದರ ಅಧ್ಯಕ್ಷರಾದರು. ಕೀಮತ್ ಎಂಬ ಅದರ ಪತ್ರಿಕೆಗೆ ಲೇಖನಗಳನ್ನು ಬರೆದರು. ಕೇಂಬ್ರಿಜಿನಲ್ಲಿ ಕಲಿತ ವಿದ್ಯೆಯು ಹೀಗೆ ಸಂತೆಗೆ ಚೀಲ ಹಿಡಿದು ಹೋಗುವ ಗೃಹಿಣಿಯ ಉಪಯೋಗಕ್ಕೆ ಬಂದಿತು.

ಮುಪ್ಪಿನಲ್ಲಿ ಜಗತ್ತು ಆಕೆಯನ್ನು ಬಹುಮಟ್ಟಿಗೆ ಮರೆತಿದ್ದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮುಖ್ಯಸ್ಥರಾದ ಡಾ. ಜಿ. ವಿ. ಸತ್ಯವತಿಯವರು ಆಕೆಯನ್ನು ನೆನೆದು ಸನ್ಮಾನಕ್ಕಾಗಿ ದಿಲ್ಲಿಗೆ ಆಹ್ವಾನಿಸಿದರು. ಆ ಸಮಾರಂಭದ ಸಂದರ್ಭದಲ್ಲಿಯೇ ಆಕೆಯು ಕುಸಿದುಬಿದ್ದು ಕೆಲಕಾಲದಲ್ಲಿಯೇ, 1998ರಲ್ಲಿ, ಈ ಲೋಕವನ್ನು ಬಿಟ್ಟರು. ಒಬ್ಬ ಮಹಿಳೆಗಾಗಿ ಮುಚ್ಚಿದ್ದ ಬಾಗಿಲಿನಿಂದ ಆರಂಭವಾದ ವೃತ್ತಾಂತವು ಉಚ್ಚ ಪದವಿಯನ್ನೇರಿದ ಇನ್ನೊಬ್ಬ ಮಹಿಳೆಯ ಗೌರವದೊಡನೆ ಮುಗಿಯಿತು. ನಡುವೆ ಅರುವತ್ತಕ್ಕೂ ಹೆಚ್ಚಿನ ವರ್ಷಗಳು ಕಳೆದಿದ್ದವು.

ವಿದ್ಯಾರ್ಥಿನಿಯರೆ, ಈ ಚರಿತ್ರೆಯಿಂದ ತಿಳಿಯತಕ್ಕುದೇನು? ಜೀವಶಾಸ್ತ್ರವಾಗಲಿ ರಸಾಯನಶಾಸ್ತ್ರವಾಗಲಿ ದೂರದ ಪಟ್ಟಣದವರ ಸ್ವತ್ತಲ್ಲ. ಮೊಳಕೆಯೊಡೆದ ಹೆಸರುಕಾಳು, ಹೆಪ್ಪುಗಟ್ಟಿದ ಹಾಲು, ಹುದುಗುಬಂದ ಹಿಟ್ಟು, ಇವು ಪ್ರತಿಯೊಂದು ಮನೆಯಲ್ಲಿರುವ ಪ್ರಯೋಗಗಳು. ಕಾಲೇಜಿಗೆ ಹೋದಾಗ ಕೋಶ, ಕಿಣ್ವ, ಅಮೈನೋ ಆಮ್ಲ, ಸೈಟೋಕ್ರೋಮು ಎಂಬ ಹೆಸರುಗಳು ಗುಂಪಾಗಿ ಎದುರಾದರೆ ಎದೆಗುಂದಬೇಡಿರಿ. ಕಾಣದ ವಸ್ತುವಿನ ಹೆಸರನ್ನು ಕಂಠಪಾಠ ಮಾಡುವುದಕ್ಕಿಂತ ಕಂಡ ವಸ್ತುವಿನಲ್ಲಿ ಅದನ್ನು ಹುಡುಕುವುದು ಸುಲಭ. ಮನಸ್ಸಿನಲ್ಲಿ ನಿಲ್ಲುವುದೂ ಹೆಚ್ಚು.

ಪಾಲಕರಿಗೂ ನಮ್ಮದೊಂದು ವಿನಂತಿಯುಂಟು. ಬೆಂಗಳೂರಿನಲ್ಲಿ ಹಾಕಲ್ಪಟ್ಟ ಆ ಮೂರು ಷರತ್ತುಗಳನ್ನು ಓದಿ ನಾವೆಲ್ಲರೂ ವ್ಯಸನಪಡುವೆವು. ಆದರೆ ಹತ್ತನೆಯ ತರಗತಿಯನ್ನು ಮುಗಿಸಿದ ಮಗಳಿಗೆ ಎಷ್ಟೋ ಮನೆಗಳಲ್ಲಿ ಇಂದಿಗೂ ಷರತ್ತುಗಳಿವೆ: ವಿಜ್ಞಾನವು ಕಠಿನ, ಬೇರೆ ವಿಷಯವನ್ನು ತೆಗೆದುಕೋ, ರೋಣ ಗದಗಗಳಿಗಾದರೆ ಸರಿ, ಧಾರವಾಡವು ದೂರ, ಒಂದು ವರ್ಷ ನೋಡೋಣ, ಒಳ್ಳೆಯ ಸಂಬಂಧ ಬಂದರೆ ಪುಸ್ತಕವನ್ನು ಕಟ್ಟಿಡು. ಮಗನಿಗೆ ಹಾಕದ ಷರತ್ತನ್ನು ಮಗಳಿಗೆ ಹಾಕುವ ಮುನ್ನ ಒಂದು ಗಳಿಗೆ ವಿಚಾರಿಸಿರಿ. ಕಮಲಾಬಾಯಿಯವರಿಗೆ ಹೊರಗಿನವರೊಡನೆ ಹೋರಾಡುವ ಬಲವು ಬಂದುದು ಮನೆಯವರು ಅವರ ಬೆನ್ನಿಗಿದ್ದುದರಿಂದ. ಮನೆಯಲ್ಲಿಯೇ ಹೋರಾಡಬೇಕಾದ ಹುಡುಗಿಗೆ ಹೊರಗೆ ಹೋರಾಡಲು ಉಳಿಯುವ ಶಕ್ತಿಯು ಎಷ್ಟು?

ನಮ್ಮ ಎರೆನೆಲದಲ್ಲಿ ಬಿತ್ತಿದ ಕಡಲೆಯು ಒಂದೆರಡು ಮಳೆ ತಪ್ಪಿದರೂ ಮಣ್ಣಿನೊಳಗೆ ಉಳಿದ ಹಸಿಯನ್ನೇ ನಂಬಿ ಬೇರ‍್ದೆಗೆದು ಕಾಯಿಕಟ್ಟುವುದು. ಹುಡುಗಿಯರ ಬುದ್ಧಿಯೂ ಹಾಗೆಯೇ. ಅದಕ್ಕೆ ಬೇಕಾದುದು ಸ್ವಲ್ಪ ನೆಲ, ಸ್ವಲ್ಪ ಕಾಲ. ಅವೆರಡನ್ನು ಕೊಡುವುದು ನಮ್ಮ ನಿಮ್ಮೆಲ್ಲರ ಕರ್ತವ್ಯವಾಗಿದೆ.